ತಂದೆಯ ಸಾಲ ತೀರಿಸಿದ ಶಸ್ತ್ರವೈದ್ಯ: ಸರ್ ಜೇಮ್ಸ್ ಪ್ಯಾಜೆಟ್

ಯೌವನದಲ್ಲಿ, ಅದರಲ್ಲೂ ಆಟ ಓಟಗಳಲ್ಲಿ ಮುಂದಿರುವವರಲ್ಲಿ ಕಾಣಿಸಿಕೊಳ್ಳುವ ಒಂದು ವಿಚಿತ್ರ ಕಾಯಿಲೆ ಇದೆ. ಇಪ್ಪತ್ತರಿಂದ ಮೂವತ್ತೈದರ ನಡುವಿನ ಹರೆಯ, ಗಟ್ಟಿಮುಟ್ಟಾದ ಮೈಕಟ್ಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಯಾವುದೂ ಇಲ್ಲ. ಈಜುಗಾರ, ಕುಸ್ತಿಪಟು, ಚೆಂಡೆಸೆಯುವ ಆಟಗಾರ, ಭಾರ ಎತ್ತುವವ ಅಥವಾ ದಿನವಿಡೀ ಕೈ ಮೇಲೆತ್ತಿ ಗೋಡೆಗೆ ಬಣ್ಣ ಬಳಿಯುವ ಕೆಲಸಗಾರ. ಒಂದು ದಿನ ವಿಪರೀತ ಶ್ರಮಪಟ್ಟು ಮಲಗಿದವನಿಗೆ ಬೆಳಿಗ್ಗೆ ಎದ್ದಾಗ ಬಲಗೈ ಸೀಸದಂತೆ ಭಾರ. ಭುಜದಿಂದ ಬೆರಳ ತುದಿಯವರೆಗೆ ಬಾವು. ಚರ್ಮಕ್ಕೆ ನೀಲಿ ಛಾಯೆ. ಹೆಗಲು ಮತ್ತು ಎದೆಯ ಮೇಲ್ಭಾಗದಲ್ಲಿ ಮೊದಲು ಕಾಣದಿದ್ದ ನಾಳಗಳು ಎದ್ದು ಕಾಣುತ್ತವೆ. ಸ್ನಾಯು ಉಳುಕಿರಬೇಕೆಂದು ಮನೆಯವರು ಎಣ್ಣೆ ತಿಕ್ಕುತ್ತಾರೆ, ಬಾಮ್ ಹಚ್ಚುತ್ತಾರೆ. ಆದರೆ ಒಳಗೆ ಆಗಿರುವುದು ಬೇರೆಯೇ. ತೋಳಿನಿಂದ ಹೃದಯದ ಕಡೆಗೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಂಡಿರುತ್ತದೆ.

ಈ ಕಾಯಿಲೆಯನ್ನು ವೈದ್ಯರು ಪ್ಯಾಜೆಟ್-ಶ್ರೋಟರ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಬರುವ ಅಪರೂಪದ ಕಾಯಿಲೆ ಇದು. ಇದರ ಹೆಸರಿನ ಮೊದಲಲ್ಲಿರುವ ಪ್ಯಾಜೆಟ್ ಯಾರು? ವೈದ್ಯಕೀಯ ವಿದ್ಯಾರ್ಥಿಗಳು ಈ ಹೆಸರನ್ನು ಒಂದಲ್ಲ, ಮೂರ್ನಾಲ್ಕು ಕಡೆ ಓದುತ್ತಾರೆ. ಮೂಳೆಯ ಪ್ಯಾಜೆಟ್ ಕಾಯಿಲೆ, ಸ್ತನದ ಪ್ಯಾಜೆಟ್ ಕಾಯಿಲೆ, ತೋಳಿನ ನಾಳದ ಈ ಕಾಯಿಲೆ ಎಲ್ಲವೂ ಒಬ್ಬರೇ ವ್ಯಕ್ತಿಯ ಹೆಸರಿನಲ್ಲಿವೆ. ಆದರೆ ಈ ಹೆಸರನ್ನು ಬಾಯಿಪಾಠ ಮಾಡುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಆತ ಹಣವಿಲ್ಲದ ಒಂದೇ ಕಾರಣಕ್ಕೆ ತನ್ನ ಆಸ್ಪತ್ರೆಯಲ್ಲಿ ಹತ್ತು ವರ್ಷ ಹೊರಗೇ ನಿಲ್ಲಬೇಕಾಯಿತು ಎಂಬುದು ಗೊತ್ತಿದೆ?

ಜೇಮ್ಸ್ ಪ್ಯಾಜೆಟ್ ಹುಟ್ಟಿದ್ದು 1814ರ ಜನವರಿ 11ರಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮೌತ್ ಎಂಬ ಬಂದರು ಪಟ್ಟಣದಲ್ಲಿ. ಹೆರಿಂಗ್ ಮೀನುಗಾರಿಕೆಗೆ ಹೆಸರಾದ ಊರದು. ತಂದೆ ಸ್ಯಾಮ್ಯುಯೆಲ್ ಪ್ಯಾಜೆಟ್ ಬಿಯರ್ ತಯಾರಿಕೆ ಮತ್ತು ಹಡಗಿನ ವ್ಯಾಪಾರ ನಡೆಸುತ್ತಿದ್ದರು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ನೌಕಾಪಡೆಗೆ ಸರಕು ಒದಗಿಸಿ ಚೆನ್ನಾಗಿ ಗಳಿಸಿದವರು. ಊರಿನ ಮೇಯರ್ ಕೂಡ ಆಗಿದ್ದರು. ದಂಪತಿಗಳಿಗೆ ಒಟ್ಟು 17 ಮಕ್ಕಳು. ಅವರಲ್ಲಿ ಬದುಕಿ ದೊಡ್ಡವರಾದವರು 9 ಮಂದಿ. ಹಿರಿಯ ಮಕ್ಕಳು ಹೆಸರಾಂತ ಶಾಲೆಗಳಿಗೆ ಹೋದರು. ಜೇಮ್ಸರ ಸರದಿ ಬರುವಷ್ಟರಲ್ಲಿ ವ್ಯಾಪಾರ ಕುಸಿದಿತ್ತು. ಹಾಗಾಗಿ ಅವರ ಓದು ಊರಿನ ಸಾಧಾರಣ ಶಾಲೆಯಲ್ಲೇ ಮುಗಿಯಿತು.

1830ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಊರಿನ ಒಬ್ಬ ಶಸ್ತ್ರವೈದ್ಯರ ಬಳಿ ಕೆಲಸ ಕಲಿಯಲು ಸೇರಿದರು. ಆ ಕಾಲದಲ್ಲಿ ವೈದ್ಯನಾಗುವ ಸಾಮಾನ್ಯ ದಾರಿ ಅದೇ ಆಗಿತ್ತು. ಔಷಧಿ ಕಲೆಸುವುದು, ಲೆಕ್ಕ ಬರೆಯುವುದು, ಗಾಯ ಕಟ್ಟುವುದು ದಿನದ ಕೆಲಸ. ಬಿಡುವಿನ ವೇಳೆಯಲ್ಲಿ ತಮ್ಮ ಸಹೋದರ ಚಾರ್ಲ್ಸ್ ಜೊತೆ ಸುತ್ತಲಿನ ಗದ್ದೆ, ಜೌಗು, ಕಡಲತೀರಗಳನ್ನು ಅಲೆದು ಗಿಡಗಳನ್ನೂ ಕೀಟಗಳನ್ನೂ ಗುರುತಿಸಿ ಪಟ್ಟಿ ಮಾಡಿದರು. 1834ರಲ್ಲಿ ಇಬ್ಬರೂ ಸೇರಿ ಯಾರ್ಮೌತ್ ಪ್ರದೇಶದ ಜೀವಸಂಪತ್ತಿನ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಎರಡು ಗಿಡಗಳ ನಡುವಿನ ಸಣ್ಣ ವ್ಯತ್ಯಾಸ ಹುಡುಕಿ ಅಭ್ಯಾಸವಾದ ಆ ಕಣ್ಣು ಮುಂದೆ ರೋಗಿಗಳ ಮೈಯಲ್ಲಿ ಏನೇನು ಕಂಡಿತು ಎಂಬುದೇ ಪ್ಯಾಜೆಟ್‌ರ ಜೀವನಕಥೆ ಎನ್ನಬಹುದು.

ಅದೇ ವರ್ಷ ಅವರು ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವಿದ್ಯಾರ್ಥಿಯಾದರು. ಬಾರ್ಟ್ಸ್ ಎಂದು ಚುಟುಕಾಗಿ ಕರೆಯಲ್ಪಡುವ ಈ ಆಸ್ಪತ್ರೆ 1123ರಷ್ಟು ಹಳೆಯದು. ಓದಿನ ಖರ್ಚಿಗೆ ನೆರವಾದವರು ಅಣ್ಣ ಜಾರ್ಜ್. (ಈ ಜಾರ್ಜ್ ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು.)

1835ರ ಫೆಬ್ರವರಿ. ಶವಚ್ಛೇದನ ಕೋಣೆಯಲ್ಲಿ ಒಂದು ಶವದ ಸ್ನಾಯುಗಳಲ್ಲಿ ಮರಳಿನಂತಹ ಬಿಳಿಯ ಚುಕ್ಕಿಗಳಿದ್ದವು. ಅವು ಶಸ್ತ್ರದ ಅಲಗನ್ನು ಮೊಂಡು ಮಾಡುತ್ತಿದ್ದವು. ಅಂಥ ಚುಕ್ಕಿಗಳನ್ನು ಕಲಿಸುವವರೂ ಕಲಿಯುವವರೂ ಹಿಂದೆಯೂ ಕಂಡಿದ್ದರು; ಮೂಳೆಯ ಚೂರುಗಳೆಂದು ಬಗೆದು ಸುಮ್ಮನಾಗಿದ್ದರು. ಇಪ್ಪತ್ತೊಂದರ ಪ್ಯಾಜೆಟ್ ಸುಮ್ಮನಾಗಲಿಲ್ಲ. ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ. ಚುಕ್ಕಿಗಳಿದ್ದ ಸ್ನಾಯುವಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಬ್ರಿಟಿಷ್ ಮ್ಯೂಸಿಯಂಗೆ ಹೋದರು. ಅಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ತಮ್ಮ ಸೂಕ್ಷ್ಮದರ್ಶಕ ಕೊಟ್ಟರು. ಬ್ರೌನಿಯನ್ ಚಲನೆ ಎಂದು ಭೌತಶಾಸ್ತ್ರದಲ್ಲಿ ಓದುತ್ತೇವಲ್ಲ, ಅದೇ ಬ್ರೌನ್. ಒಂದೊಂದು ಚುಕ್ಕಿಯೊಳಗೂ ಸುರುಳಿ ಸುತ್ತಿ ಮಲಗಿದ್ದ ಪುಟ್ಟ ಹುಳು ಕಾಣಿಸಿತು! ಅದಕ್ಕೆ ಟ್ರೈಕಿನಾ ಎಂದು ಹೆಸರಿಟ್ಟು ವಿದ್ವತ್ ಸಭೆಯಲ್ಲಿ ಮಂಡಿಸಿದವರು ಆಗಲೇ ಪ್ರಸಿದ್ಧರಾಗಿದ್ದ ರಿಚರ್ಡ್ ಓವನ್. ಕೀರ್ತಿಯ ದೊಡ್ಡ ಪಾಲು ಅವರಿಗೇ ಹೋಯಿತು. ಈ ಹುಳು ಹಂದಿಮಾಂಸದ ಮೂಲಕ ಮನುಷ್ಯನ ದೇಹ ಸೇರಿ ಪ್ರಾಣಕ್ಕೇ ಎರವಾಗಬಲ್ಲದು ಎಂಬುದು 1860ರಲ್ಲಿ ಜರ್ಮನಿಯಲ್ಲಿ ಖಚಿತವಾಯಿತು. ಹಂದಿಮಾಂಸ ನಿಷಿದ್ಧವಾಗಿರುವ ಸಮುದಾಯದ ನಾವು ಈ ಸಂಗತಿಯನ್ನು ಕುತೂಹಲದಿಂದ ಓದುವುದು ಸಹಜವೇ.

1836ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಪರೀಕ್ಷೆ ಪಾಸಾಯಿತು. ಕಷ್ಟ ಶುರುವಾದದ್ದು ಅಲ್ಲಿಂದಲೇ. ಬಾರ್ಟ್ಸ್‌ನಲ್ಲಿ ಶಸ್ತ್ರವೈದ್ಯನಾಗಿ ಬೆಳೆಯಬೇಕಾದರೆ ಅಲ್ಲಿನ ಹಿರಿಯ ಸರ್ಜನ್ ಒಬ್ಬರಿಗೆ ಭಾರೀ ಮೊತ್ತ ಕಟ್ಟಿ ಶಿಷ್ಯನಾಗಬೇಕಿತ್ತು. ಹಾಗೆ ಹಣ ಕಟ್ಟಿದವರಿಗೇ ಹೌಸ್ ಸರ್ಜನ್ ಹುದ್ದೆ, ಅವರಿಗೇ ಮುಂದಿನ ಬಡ್ತಿ. ರೋಗಿಗಳ ಗಾಯ ಕಟ್ಟುವ ಡ್ರೆಸರ್ ಆಗುವುದಕ್ಕೂ ಹಣ ಬೇಕಿತ್ತು. ತಂದೆಯ ವ್ಯಾಪಾರ ಅಷ್ಟರಲ್ಲಿ ಪೂರ್ತಿ ನೆಲಕಚ್ಚಿತ್ತು. ಸ್ಪರ್ಧಿಸಿದಲ್ಲೆಲ್ಲ ಬಹುಮಾನ ಗೆದ್ದ ವಿದ್ಯಾರ್ಥಿಗೆ ಹುಣ್ಣಿಗೆ ಬಟ್ಟೆ ಸುತ್ತುವ ಕೆಲಸವೂ ದಕ್ಕಲಿಲ್ಲ.

ಮುಂದಿನ ಏಳು ವರ್ಷ ಲಂಡನ್ನಿನ ಬಾಡಿಗೆ ಕೋಣೆಗಳಲ್ಲಿ ಕಳೆಯಿತು. ವೈದ್ಯವೃತ್ತಿಯಿಂದ ಬರುತ್ತಿದ್ದ ಆದಾಯ ವರ್ಷಕ್ಕೆ ಸುಮಾರು 15 ಪೌಂಡ್. ವೈದ್ಯಕೀಯ ಪತ್ರಿಕೆಗಳಿಗೆ ಬರೆದು, ಅನುವಾದ ಮಾಡಿ, ಉಪಸಂಪಾದಕನಾಗಿ ದುಡಿದು ಹೊಟ್ಟೆ ಹೊರೆದರು. ಅದಕ್ಕೆಂದೇ ಜರ್ಮನ್, ಫ್ರೆಂಚ್ ಮುಂತಾದ ಭಾಷೆಗಳನ್ನು ಕಲಿತರು. ಆಸ್ಪತ್ರೆಯ ಮ್ಯೂಸಿಯಂ ನೋಡಿಕೊಳ್ಳುವ ಕ್ಯುರೇಟರ್ ಕೆಲಸ ಸಿಕ್ಕಿತು. ಸಂಬಳ ವರ್ಷಕ್ಕೆ 40 ಪೌಂಡ್. ಯಾರಿಗೂ ಬೇಡವಾದ ಕೆಲಸ ಅದು. ಸಾಲುಸಾಲು ಗಾಜಿನ ಜಾಡಿಗಳು, ಅವುಗಳಲ್ಲಿ ರೋಗ ಹಿಡಿದ ಮೂಳೆ, ಗಡ್ಡೆ, ಊದಿದ ನಾಳ. ಅವುಗಳನ್ನು ಒಂದೊಂದಾಗಿ ತೆಗೆದು ನೋಡಿ, ರೋಗಿಯ ಚರಿತ್ರೆ ಹುಡುಕಿ, ವಿವರ ಬರೆದು ಸೂಚಿ ತಯಾರಿಸಿದರು. ಆಮೇಲೆ ಕಾಲೇಜ್ ಆಫ್ ಸರ್ಜನ್ಸ್‌ನ ಇನ್ನೂ ದೊಡ್ಡ ಮ್ಯೂಸಿಯಂಗೂ ಇದೇ ಸೇವೆ. ಜೀವಂತ ರೋಗಿಗಳನ್ನು ಮುಟ್ಟಲು ಅವಕಾಶ ಸಿಗದ ವೈದ್ಯ ಹೀಗೆ ಜಾಡಿಗಳ ನಡುವೆಯೇ ಆ ಕಾಲದ ಇಂಗ್ಲೆಂಡಿನ ಅತ್ಯುತ್ತಮ ರೋಗಶಾಸ್ತ್ರಜ್ಞನಾಗಿ ಬೆಳೆದರು. ನಿಶ್ಚಿತಾರ್ಥವಾಗಿದ್ದ ಲಿಡಿಯಾ ನಾರ್ತ್ ಅನೇಕ ವರ್ಷ ಕಾದರು. ಮದುವೆ ನಡೆದದ್ದು 1844ರಲ್ಲಿ.

1843ರಲ್ಲಿ ಶರೀರಕ್ರಿಯಾಶಾಸ್ತ್ರದ ಉಪನ್ಯಾಸಕ ಹುದ್ದೆಯೂ, ಆಗಷ್ಟೇ ಆರಂಭವಾದ ವಿದ್ಯಾರ್ಥಿನಿಲಯದ ವಾರ್ಡನ್ ಹುದ್ದೆಯೂ ದೊರೆತವು. ಸುಮಾರು 30 ವಿದ್ಯಾರ್ಥಿಗಳ ಜೊತೆ ಆಸ್ಪತ್ರೆಯ ಗೋಡೆಯೊಳಗೇ ವಾಸ. ಹೊಸ ಹುಡುಗರನ್ನು ಸೇರಿಸಿಕೊಳ್ಳುವುದು, ಹೇಗೆ ಓದಬೇಕೆಂದು ತಿಳಿಹೇಳುವುದು, ಲೆಕ್ಕಪತ್ರ ನೋಡುವುದು ಎಲ್ಲವೂ ಅವರದೇ ಹೊಣೆ. ವಾರಗಟ್ಟಲೆ ಗೇಟಿನಾಚೆ ಹೆಜ್ಜೆ ಇಡದ ದಿನಗಳಿದ್ದವು. ಅಮೆರಿಕದಲ್ಲಿ ವೈದ್ಯ ಪದವಿ ಪಡೆದ ಮೊದಲ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್ 1850ರಲ್ಲಿ ಹೆಚ್ಚಿನ ಅಭ್ಯಾಸಕ್ಕೆ ಬಾರ್ಟ್ಸ್‌ಗೆ ಬಂದಾಗ ವಾರ್ಡನ್ ಪ್ಯಾಜೆಟ್ ಆದರದಿಂದ ಬರಮಾಡಿಕೊಂಡರು. ಎಲ್ಲ ವಿಭಾಗಗಳೂ ಆಕೆಗೆ ತೆರೆದವು, ಸ್ತ್ರೀರೋಗ ವಿಭಾಗ ಒಂದನ್ನು ಬಿಟ್ಟು! ಅದರ ಪ್ರಾಧ್ಯಾಪಕರು ಒಪ್ಪಲಿಲ್ಲ.

1847ರಲ್ಲಿ ಬಾರ್ಟ್ಸ್‌ನ ಸಹಾಯಕ ಸರ್ಜನ್ ಹುದ್ದೆಗೆ ಅವರು ಸ್ಪರ್ಧಿಸಿದಾಗ ವಿರೋಧ ಎದ್ದಿತು. ಹೌಸ್ ಸರ್ಜನ್ ಆಗಿರಲಿಲ್ಲ, ಡ್ರೆಸರ್ ಕೂಡ ಆಗಿರಲಿಲ್ಲ, ಇಂಥವರ ಕೈಗೆ ಕತ್ತಿ ಕೊಡುವುದು ಹೇಗೆ ಎಂಬುದು ಆಕ್ಷೇಪ. ಬಡತನದಿಂದ ತಪ್ಪಿಹೋದ ಅವಕಾಶವನ್ನೇ ಅನರ್ಹತೆ ಎಂದು ಎಣಿಸುವ ಈ ಕ್ರಮ ನಮಗೂ ಅಪರಿಚಿತವಲ್ಲ. ಕೊನೆಗೂ ಆಯ್ಕೆಯಾದರು. ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಆರು ವರ್ಷ ನೀಡಿದ ಉಪನ್ಯಾಸಗಳು 1853ರಲ್ಲಿ ಪುಸ್ತಕವಾಗಿ ಬಂದವು. ಅದಕ್ಕೆ ಮೊದಲೇ, 1851ರಲ್ಲಿ, ರಾಯಲ್ ಸೊಸೈಟಿಯ ಫೆಲೋ ಆಗಿದ್ದರು. ಅದೇ ವರ್ಷ ವಾರ್ಡನ್ ಕೆಲಸ ಬಿಟ್ಟು ಸ್ವಂತ ಚಿಕಿತ್ಸಾಲಯ ತೆರೆದರು. ಆಗ ಅವರಿಗೆ 37 ವರ್ಷ.

ಇಷ್ಟು ಹೆಸರು ಬಂದಮೇಲೂ ಮನೆಯಲ್ಲಿ ಹಣವಿರಲಿಲ್ಲ. ಕಾರಣ, ತಂದೆಯ ಸಾಲ. ಕಾನೂನಿನ ಪ್ರಕಾರ ಅದನ್ನು ಮಕ್ಕಳು ತೀರಿಸಬೇಕಾಗಿರಲಿಲ್ಲ. ಆದರೂ ಸಹೋದರರು ತಮ್ಮ ಗಳಿಕೆಯಿಂದ ಅದನ್ನು ತೀರಿಸಲು ನಿರ್ಧರಿಸಿದರು. ಜೇಮ್ಸ್ ತಮ್ಮ ಪಾಲನ್ನು ಮುಗಿಸಲು 14 ವರ್ಷ ಬೇಕಾಯಿತು. ಮೃತರ ಸಾಲವನ್ನು ಆಸ್ತಿ ಹಂಚಿಕೆಗೆ ಮೊದಲು ತೀರಿಸಬೇಕೆಂಬ ವಿಧಿ ನಮ್ಮ ದೀನ್‌ನಲ್ಲಿ ಎಷ್ಟು ಗಂಭೀರವಾದುದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಇಲ್ಲಿ ಹಂಚಿಕೊಳ್ಳಲು ಆಸ್ತಿಯೇ ಇರಲಿಲ್ಲ, ಸಾಲ ಮಾತ್ರ ಇತ್ತು.

ನಂತರದ ಇಪ್ಪತ್ತು ವರ್ಷ ದಿನಕ್ಕೆ ಹದಿನಾರು ಗಂಟೆಗಳ ದುಡಿಮೆ. 1858ರಲ್ಲಿ ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯರಲ್ಲಿ ಒಬ್ಬರಾದರು. ಲಂಡನ್ನಿನ ಅತಿ ದೊಡ್ಡ ಶಸ್ತ್ರವೈದ್ಯ ವೃತ್ತಿ ಅವರದಾಯಿತು. ಈ ನಡುವೆ 1869ರಲ್ಲಿ ಅವರು ಮಾಡಿದ ಒಂದು ಲೆಕ್ಕ ಶಿಕ್ಷಣದ ಕ್ಷೇತ್ರದಲ್ಲಿರುವ ಎಲ್ಲರೂ ನೋಡಬೇಕಾದದ್ದು. ತಾವು ಕಂಡಿದ್ದ 1,000 ವಿದ್ಯಾರ್ಥಿಗಳು ಮುಂದೆ ಏನಾದರೆಂದು ಒಬ್ಬೊಬ್ಬರನ್ನೂ ಹುಡುಕಿ ವಿಂಗಡಿಸಿದರು. ಅತ್ಯುನ್ನತ ಯಶಸ್ಸು ಪಡೆದವರು 23. ಗಣನೀಯ ಯಶಸ್ಸು 66. ಸಾಧಾರಣ ಮಟ್ಟದಲ್ಲಿ ಚೆನ್ನಾಗಿ ಬಾಳಿದವರು 507. ಅಲ್ಪ ಯಶಸ್ಸು 124. ಪೂರ್ತಿ ಸೋತವರು 56. ವೃತ್ತಿ ಬಿಟ್ಟು ಹೋದವರು 96. ಓದುತ್ತಿರುವಾಗಲೇ ತೀರಿಕೊಂಡವರು 41, ವೃತ್ತಿ ಆರಂಭಿಸಿ ಹನ್ನೆರಡು ವರ್ಷದೊಳಗೆ ತೀರಿಕೊಂಡವರು 87. ವಿಷವಿಕ್ಕಿ ಕೊಂದ ಅಪರಾಧಕ್ಕೆ 1856ರಲ್ಲಿ ಗಲ್ಲಿಗೇರಿದ ವಿಲಿಯಂ ಪಾಮರ್ ಕೂಡ ಬಾರ್ಟ್ಸ್‌ನಲ್ಲಿ ಓದಿದವನೇ. ಶಾಲಾ ಕಾಲೇಜುಗಳು ರ್‍ಯಾಂಕ್ ಬಂದವರ ಫೋಟೋ ಮಾತ್ರ ಹಾಕುವುದನ್ನು ಕಂಡಿರುವ ನಮಗೆ, ಸೋತವರನ್ನೂ ಸತ್ತವರನ್ನೂ ಎಣಿಸಿದ ಈ ಪಟ್ಟಿ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

1871ರಲ್ಲಿ ಒಂದು ಶವಪರೀಕ್ಷೆಯ ವೇಳೆ ನಂಜು ಏರಿ ಪ್ಯಾಜೆಟ್ ಸಾವಿನ ಅಂಚಿಗೆ ಹೋದರು. ಬದುಕಿದರು, ಆದರೆ ಬಾರ್ಟ್ಸ್‌ನ ಹುದ್ದೆ ಬಿಡಬೇಕಾಯಿತು. ಅದೇ ವರ್ಷ ಬ್ಯಾರೊನೆಟ್ ಪದವಿ ಬಂದು ಸರ್ ಜೇಮ್ಸ್ ಆದರು. ಸಾಮಾನ್ಯವಾಗಿ ಜನ ನಿವೃತ್ತಿಯ ಕಡೆ ನೋಡುವ ವಯಸ್ಸು. ಅವರ ಹೆಸರನ್ನು ಇಂದಿಗೂ ಉಳಿಸಿರುವ ಬರಹಗಳು ಬಂದದ್ದು ಆಮೇಲೆ. 1874ರಲ್ಲಿ ಸ್ತನದ ಕಾಯಿಲೆ, 1877ರಲ್ಲಿ ಮೂಳೆಯ ಕಾಯಿಲೆ. ಮೂಳೆ ಕಾಯಿಲೆಯ ಮೊದಲ ರೋಗಿಯನ್ನು ಅವರು 1856ರಿಂದ ಆತ ಸಾಯುವ 1876ರವರೆಗೆ, ಇಪ್ಪತ್ತು ವರ್ಷ, ನೋಡುತ್ತಾ ಬರೆದಿಟ್ಟಿದ್ದರು.

ಇವೆರಡರ ನಡುವೆ, 1875ರಲ್ಲಿ, ಅವರ ಉಪನ್ಯಾಸ ಮತ್ತು ಪ್ರಬಂಧಗಳ ಸಂಗ್ರಹ ಪ್ರಕಟವಾಯಿತು. ಅದರಲ್ಲಿ ಅಭಿಧಮನಿಗಳ ಉರಿಯೂತದ ಬಗ್ಗೆ ಒಂದು ಅಧ್ಯಾಯವಿದೆ. ಗಾಯವಿಲ್ಲದೆ, ಬೇರೆ ಕಾಯಿಲೆಯಿಲ್ಲದೆ, ತೋಳು ಇದ್ದಕ್ಕಿದ್ದಂತೆ ಊದಿ ನೋಯುವ ರೋಗಿಗಳನ್ನು ಪ್ಯಾಜೆಟ್ ಅಲ್ಲಿ ವಿವರಿಸಿದರು. ಗೌಟ್ ಎಂಬ ಸಂಧಿವಾತಕ್ಕೂ ನಾಳಗಳ ಉರಿಯೂತಕ್ಕೂ ನಂಟಿದೆ ಎಂದು ನಂಬಿದ್ದ ಅವರು ಇದನ್ನೂ ಅದೇ ಸಾಲಿಗೆ ಸೇರಿಸಿದರು. ಆ ಊಹೆ ತಪ್ಪಾಗಿತ್ತು. ಆದರೆ ಕಂಡದ್ದನ್ನು ಅವರು ತಮ್ಮ ಊಹೆಗೆ ತಕ್ಕಂತೆ ತಿದ್ದಿರಲಿಲ್ಲ. ಹಾಗಾಗಿಯೇ ಊಹೆ ಬಿದ್ದುಹೋದರೂ ವರ್ಣನೆ ಉಳಿಯಿತು. 1884ರಲ್ಲಿ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಫಾನ್ ಶ್ರೋಟರ್, ಸ್ನಾಯುಗಳ ಶ್ರಮದಿಂದ ನಾಳಕ್ಕೆ ಪೆಟ್ಟಾಗಿ ರಕ್ತ ಹೆಪ್ಪುಗಟ್ಟುವುದೇ ಕಾರಣವಿರಬೇಕೆಂದು ಹೇಳಿದರು. ಆಸ್ಟ್ರೇಲಿಯಾದ ಶಸ್ತ್ರವೈದ್ಯ ಹ್ಯೂಸ್ ಅಲ್ಲಿಯವರೆಗೆ ದಾಖಲಾಗಿದ್ದ 320 ಪ್ರಕರಣಗಳನ್ನು ಒಟ್ಟುಗೂಡಿಸಿ, 1940ರ ದಶಕದ ಕೊನೆಯಲ್ಲಿ ಇಬ್ಬರ ಹೆಸರನ್ನೂ ಜೋಡಿಸಿದರು.

ಕಾರಣ ಈಗ ಸ್ಪಷ್ಟವಾಗಿದೆ. ಕುತ್ತಿಗೆಯ ಬುಡದಲ್ಲಿ ಕೈಯಿಟ್ಟರೆ ಅಡ್ಡಲಾಗಿ ಸಿಗುವ ಎಲುಬು ಕಾಲರ್ ಬೋನ್. ಅದರ ಅಡಿಯಲ್ಲೇ ಎದೆಗೂಡಿನ ಮೊದಲ ಪಕ್ಕೆಲುಬು. ತೋಳಿನ ರಕ್ತವನ್ನೆಲ್ಲ ಹೃದಯಕ್ಕೆ ತರುವ ದೊಡ್ಡ ಅಭಿಧಮನಿ ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಕೈ ಮೇಲೆತ್ತಿದಾಗ ಈ ಸಂದಿ ಕತ್ತರಿಯಂತೆ ಕಿರಿದಾಗುತ್ತದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಕಿರಿದು. ವ್ಯಾಯಾಮದಿಂದ ಅಲ್ಲಿನ ಸ್ನಾಯುಗಳು ದಪ್ಪವಾದರೆ ಇನ್ನಷ್ಟು ಇಕ್ಕಟ್ಟು. ಸಾವಿರಾರು ಸಲ ಒತ್ತಿ ಉಜ್ಜಿದ ನಾಳದ ಒಳಗೋಡೆ ಗಾಯಗೊಂಡು ಒರಟಾಗುತ್ತದೆ, ರಕ್ತದ ಹರಿವು ನಿಧಾನವಾಗುತ್ತದೆ, ಕೊನೆಗೊಂದು ದಿನ ಹೆಪ್ಪು ಕಟ್ಟುತ್ತದೆ. ಹೆಚ್ಚು ಬಳಸುವ ಕೈಗೇ ಈ ತೊಂದರೆ ಹೆಚ್ಚಾಗಿ ಬರುವುದು ಇದೇ ಕಾರಣಕ್ಕೆ. ಕಾಯಿಲೆಗೆ ದಾರಿಯಾಗುವುದು ಆರೋಗ್ಯವಂತನ ಕಸರತ್ತೇ ಆದ್ದರಿಂದ ಯಾರಿಗೂ ಬೇಗ ಅನುಮಾನ ಬರುವುದಿಲ್ಲ.

ಅಪಾಯ ತೋಳಿಗೆ ಮಾತ್ರವಲ್ಲ. ಹೆಪ್ಪಿನ ಚೂರು ಕಳಚಿಕೊಂಡರೆ ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಎದೆನೋವು, ಉಸಿರಾಟದ ತೊಂದರೆ ಆಗಿ ಪ್ರಾಣಕ್ಕೂ ಕುತ್ತು ಬರಬಹುದು. ಹೃದಯದ ಬಲಭಾಗದಿಂದ ರಕ್ತ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ಬರೆದವರು ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅನ್ನಫೀಸ್. ಪ್ಯಾಜೆಟ್‌ರ ಕಾಲದ ಯುರೋಪಿಗೆ ಅವರ ಆ ಬರಹದ ಅರಿವಿರಲಿಲ್ಲ. ಈಜಿಪ್ಟಿನ ವೈದ್ಯರೊಬ್ಬರು ಅದರ ಹಸ್ತಪ್ರತಿಯನ್ನು ಬರ್ಲಿನ್ನಿನ ಗ್ರಂಥಾಲಯದಲ್ಲಿ ಗುರುತಿಸಿದ್ದು 1924ರಲ್ಲಿ.

ಪ್ಯಾಜೆಟ್‌ರ ಬಳಿ ಇದ್ದದ್ದು ಕಣ್ಣು ಮತ್ತು ಬೆರಳು ಮಾತ್ರ. ಎಕ್ಸ್-ರೇ ಬಂದದ್ದು 1895ರಲ್ಲಿ. ಈಗ ಡಾಪ್ಲರ್ ಸ್ಕ್ಯಾನ್ ಮಾಡಿದರೆ ಬಹುಪಾಲು ಪ್ರಕರಣಗಳು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತವೆ. ಸಂಶಯ ಉಳಿದರೆ ನಾಳಕ್ಕೆ ಬಣ್ಣದ ಔಷಧಿ ಹಾಯಿಸಿ ಎಕ್ಸ್-ರೇ ತೆಗೆಯುತ್ತಾರೆ. ಹೆಪ್ಪು ಬೆಳೆಯದಂತೆ ತಡೆಯುವ ಔಷಧಿ ಕೊಡುತ್ತಾರೆ. ಮೊದಲ ಎರಡು ವಾರದೊಳಗೆ ಬಂದವರಿಗೆ ತೆಳ್ಳನೆಯ ನಳಿಕೆ ತೂರಿಸಿ ಹೆಪ್ಪನ್ನೇ ಕರಗಿಸುವ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಸಂದಿ ಮತ್ತೆ ಒತ್ತದಂತೆ ಮೊದಲ ಪಕ್ಕೆಲುಬನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯೂ ಇದೆ. ಅದಾದ ಮೇಲೆ ಅನೇಕ ಕ್ರೀಡಾಪಟುಗಳು ಮೈದಾನಕ್ಕೆ ಮರಳಿದ್ದಾರೆ. ತಡಮಾಡಿದವರಿಗೆ ಮಾತ್ರ ಕೈಯ ಬಾವು, ಭಾರ ವರ್ಷಗಟ್ಟಲೆ ಉಳಿದುಬಿಡುತ್ತದೆ. ಜಿಮ್‌ಗೆ ಹೋಗುವ, ಕ್ರಿಕೆಟ್, ವಾಲಿಬಾಲ್ ಆಡುವ ನಮ್ಮ ಹುಡುಗರು ಒಂದು ಮಾತು ತಿಳಿದಿರಲಿ: ಉಳುಕಿದ ಸ್ನಾಯು ನೋಯುತ್ತದೆ, ಆದರೆ ಇಡೀ ತೋಳನ್ನು ಊದಿಸಿ ನೀಲಿಗಟ್ಟಿಸುವುದಿಲ್ಲ. ಹಾಗೆ ಆದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಂಥ ಕೈಯನ್ನು ತಿಕ್ಕಿ ನೀವಬಾರದು.

ಪ್ಯಾಜೆಟ್ 1875ರಲ್ಲಿ ಕಾಲೇಜ್ ಆಫ್ ಸರ್ಜನ್ಸ್‌ನ ಅಧ್ಯಕ್ಷರಾದರು. ಅಲ್ಲಿನ ಮ್ಯೂಸಿಯಂನಲ್ಲಿ ಜಾಡಿಗಳಿಗೆ ಚೀಟಿ ಬರೆದಿದ್ದವರು ಈಗ ಅಲ್ಲಿನ ಪೀಠದಲ್ಲಿ ಕುಳಿತರು. 1881ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನಕ್ಕೆ ಪಾಶ್ಚರ್, ಕಾಖ್, ಲಿಸ್ಟರ್, ವಿರ್ಕೋ ಎಲ್ಲರೂ ಬಂದಿದ್ದರು. ಅಧ್ಯಕ್ಷತೆ ಪ್ಯಾಜೆಟ್ ಅವರದು. 1883ರಿಂದ 1895ರವರೆಗೆ ಲಂಡನ್ ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದರು, ಸ್ವತಃ ಯಾವ ವಿಶ್ವವಿದ್ಯಾಲಯದಲ್ಲೂ ಓದದಿದ್ದವರು. ಲಿಡಿಯಾ 1895ರಲ್ಲಿ ತೀರಿಕೊಂಡರು. ನಾಲ್ವರು ಗಂಡುಮಕ್ಕಳಲ್ಲಿ ಸ್ಟೀಫನ್ ಶಸ್ತ್ರವೈದ್ಯರಾಗಿ, ಕ್ಯಾನ್ಸರ್ ದೇಹದಲ್ಲಿ ಹರಡುವ ಬಗೆಯ ಕುರಿತು 1889ರಲ್ಲಿ ಬರೆದ ಲೇಖನದಿಂದ ಹೆಸರಾದರು.

1899ರ ಡಿಸೆಂಬರ್ 30ರಂದು ಸರ್ ಜೇಮ್ಸ್ ಪ್ಯಾಜೆಟ್ ಲಂಡನ್ನಿನಲ್ಲಿ ನಿಧನರಾದರು. ವಯಸ್ಸು 85. ಅಂತ್ಯಸಂಸ್ಕಾರದ ಪ್ರಾರ್ಥನೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಡೆಯಿತು, ದಫನ ಫಿಂಚ್ಲಿಯಲ್ಲಿ. ಮಗ ಸ್ಟೀಫನ್ 1901ರಲ್ಲಿ ಹೊರತಂದ ಪುಸ್ತಕದಲ್ಲಿ ತಂದೆಯೇ ಬರೆದಿಟ್ಟಿದ್ದ ಆತ್ಮಕಥನವೂ, ಅವರ ಪತ್ರಗಳೂ ಸೇರಿವೆ.